ವಾಷಿಂಗ್ಟನ್ ಸ್ಪೈ ಟೂರ್: ವ್ಯಾನು ಸೂಪರ್, ಪೊಲಾರ್ಡ್ ಸ್ಟಾಪ್ ಮಾತ್ರ ಬೇಜಾರು

ಮೊದಲೇ ರೇಟಿಂಗ್ ಹೇಳ್ಬಿಡ್ತೀನಿ, ಐದಕ್ಕೆ ಮೂರು ಸ್ಟಾರ್. ವ್ಯಾನು, ಡ್ರೈವಿಂಗು, ಮೊದಲ ಮುಕ್ಕಾಲು ಭಾಗ ಟೂರು, ಇಷ್ಟೇ ಆಗಿದ್ರೆ ನಾಲ್ಕೂವರೆ ಕೊಡ್ತಿದ್ದೆ, ಇಸ್ರೇಲಿಗೆ ಬೇಹುಗಾರಿಕೆ ಮಾಡಿದ ಅಮೆರಿಕದ ಪೊಲಾರ್ಡ್ ಕಥೆ ಹೇಳೋ ಕೊನೇ ಸ್ಟಾಪಲ್ಲಿ ಬಂದು ಎಡವಿದ್ರು. ಕಂಪನಿ ಹೆಸರು ಹಾಕಲ್ಲ, ಸಣ್ಣ ಕಂಪನಿ, ನನ್ನ ಒಂದು ರಿವ್ಯೂಯಿಂದ ಯಾರ ಹೊಟ್ಟೆ ಮೇಲೂ ಹೊಡೆಯೋದು ಬೇಡ. ಆದ್ರೆ ವಾಷಿಂಗ್ಟನ್ ಡಿಸಿಗೆ ಬಂದವರು ಸ್ಪೈ ಮ್ಯೂಸಿಯಂ ನೋಡಿ ಮುಗಿಸಿ ಇನ್ನೇನಿದೆ ಅಂತ ಹುಡುಕಿದ್ರೆ ಇಂಥ ವ್ಯಾನ್ ಟೂರುಗಳೇ ಕಣ್ಣಿಗೆ ಬೀಳೋದು, ಹೋಗೋರಿಗೆ ಉಪಯೋಗ ಆಗ್ಲಿ ಅಂತ ಉದ್ದಕ್ಕೇ ಬರೀತಿದೀನಿ.

ಟೂರ್ ಶುರು ಆಗೋದು ಜಾರ್ಜ್‌ಟೌನಲ್ಲಿ. ಸಣ್ಣ ವ್ಯಾನು, ಎಸಿ ಚೆನ್ನಾಗಿದೆ, ಕಿಟಕಿ ದೊಡ್ಡದು, ಮೈಕ್ ಕಿರ್ ಅನ್ನಲ್ಲ. ಗೈಡ್ ವಯಸ್ಸಾದವರು, ಸರ್ಕಾರಿ ಕೆಲಸದಲ್ಲಿದ್ದೆ ಅಂತಾರೆ, ಯಾವ ಇಲಾಖೆ ಸಾರ್ ಅಂತ ಕೇಳಿದ್ರೆ ನಕ್ಕು ಸುಮ್ನಾಗ್ತಾರೆ, ಅದೂ ಪ್ಯಾಕೇಜಿನ ಭಾಗವೇ ಇರ್ಬೇಕು. ಇಡೀ ಟೂರು ನಿಂತಿರೋದು 1985ರ ಮೇಲೆ, ಆ ವರ್ಷ ಅಮೆರಿಕದಲ್ಲಿ ಎಷ್ಟು ಗೂಢಚಾರರು ಸಿಕ್ಕಿಬಿದ್ರು ಅಂದ್ರೆ ಅಲ್ಲಿನ ಪತ್ರಿಕೆಗಳು ಅದನ್ನ ಸ್ಪೈಗಳ ವರ್ಷ ಅಂತಲೇ ಕರೆದ್ವು. ಮೊದಲ ಸ್ಟಾಪು ಒಂದು ಫ್ರೆಂಚ್ ರೆಸ್ಟೋರೆಂಟ್ ಇದ್ದ ಜಾಗ, ಈಗ ಆ ರೆಸ್ಟೋರೆಂಟ್ ಇಲ್ಲ. ಅಮೆರಿಕಕ್ಕೆ ಓಡಿಬಂದಿದ್ದ ಸೋವಿಯತ್ ಗುಪ್ತಚರ ಸಂಸ್ಥೆ ಕೆಜಿಬಿಯ ಅಧಿಕಾರಿ ವಿತಾಲಿ ಯುರ್ಚೆಂಕೋ 1985ರ ನವೆಂಬರ್ 2ರ ರಾತ್ರಿ ಇಲ್ಲೇ ಊಟಕ್ಕೆ ಕೂತಿದ್ದು, ಜೊತೆಗಿದ್ದ ಸಿಐಎ ಹುಡುಗನಿಗೆ ನಾನು ವಾಪಸ್ ಬರ್ಲಿಲ್ಲ ಅಂದ್ರೆ ತಪ್ಪು ನಿಂದಲ್ಲ ಅನ್ನೋ ಥರ ಏನೋ ಹೇಳಿ ಎದ್ದು ಹೋದೋನು ಸೀದಾ ಸೋವಿಯತ್ ಕಾಂಪೌಂಡ್ ಸೇರ್ಕೊಂಡ. ಇದನ್ನ ಗೈಡ್ ಹೇಳೋ ರೀತಿ ಇದೆಯಲ್ಲ, ಕೊಟ್ಟ ದುಡ್ಡು ಅಲ್ಲೇ ವಸೂಲಾಯ್ತು ಅನ್ನಿಸ್ತು.

ಆಮೇಲೆ ಆಲ್ಡ್ರಿಚ್ ಏಮ್ಸ್. ಸಿಐಎ ಒಳಗೇ ಕೂತು ಸೋವಿಯತ್ತಿಗೆ ಕೆಲಸ ಮಾಡಿದೋನು, 1985ರ ಜೂನ್ 13ಕ್ಕೆ ಜಾರ್ಜ್‌ಟೌನಿನ ಒಂದು ಬಾರಲ್ಲಿ ಚೀಲದ ತುಂಬ ಪೇಪರ್ ಕೊಟ್ಟ, ಅದರಲ್ಲಿ ಸೋವಿಯತ್ ಒಳಗಡೆ ಅಮೆರಿಕಕ್ಕೆ ಕೆಲಸ ಮಾಡ್ತಿದ್ದೋರ ಹೆಸರುಗಳಿದ್ವು, ಅವರಲ್ಲಿ ಸುಮಾರು ಜನ ಗುಂಡೇಟಿಗೆ ಸತ್ರು. 37ನೇ ಸ್ಟ್ರೀಟು ಮತ್ತು ಆರ್ ಸ್ಟ್ರೀಟ್ ಸೇರೋ ಮೂಲೆಗೆ ವ್ಯಾನ್ ಹೋಗುತ್ತೆ, ಭೇಟಿ ಆಗ್ಬೇಕು ಅಂತ ಸೂಚನೆ ಕೊಡೋಕೆ ಏಮ್ಸ್ ಅಲ್ಲಿನ ಪೋಸ್ಟ್ ಡಬ್ಬಿ ಮೇಲೆ ಸೀಮೆಸುಣ್ಣದಲ್ಲಿ ಗೀಟು ಎಳೀತಿದ್ದ, ಆ ಅಸಲಿ ಡಬ್ಬಿ ಈಗ ಮ್ಯೂಸಿಯಮ್ಮಲ್ಲಿದೆ. ಗೈಡ್ ಜೇಬಿಂದ ಒಂದು ಸೀಮೆಸುಣ್ಣದ ತುಂಡು ತೆಗೆದು ಕೈಗೆ ಕೊಟ್ಟು, ನಡ್ಕೊಂಡು ಹೋಗ್ತಾ ಯಾರಿಗೂ ಗೊತ್ತಾಗದ ಹಾಗೆ ರಟ್ಟಿನ ಮೇಲೆ ಅಡ್ಡ ಗೀಟು ಎಳೀರಿ ನೋಡೋಣ ಅಂತಾರೆ. ಕೇಳೋಕೆ ಈಸಿ, ಮಾಡೋಕೆ ಹೋದ್ರೆ ಕೈ ನಿಲ್ಲುತ್ತೆ, ಕಾಲು ನಿಲ್ಲುತ್ತೆ, ಎಲ್ಲರ ಕಣ್ಣೂ ನಮ್ಮ ಮೇಲೇ. ಇಂಥ ಸಣ್ಣ ಸಣ್ಣ ಐಡಿಯಾಗಳಿಗೆ ಪೂರ್ತಿ ಮಾರ್ಕ್ಸ್. ರಷ್ಯಾ ಎಂಬಸಿ ಮುಂದೆ ಹೋಗ್ತಾ ಅದರ ಕೆಳಗೆ ಎಫ್‌ಬಿಐ ತೋಡಿದ ಸುರಂಗದ ಕಥೆನೂ ಬರುತ್ತೆ, ಅದನ್ನ ಎಫ್‌ಬಿಐನವನೇ ಆದ ರಾಬರ್ಟ್ ಹ್ಯಾನ್ಸನ್ ರಷ್ಯನ್ನರಿಗೆ ಹೇಳ್ಬಿಟ್ಟಿದ್ದ.

ಇನ್ನು ದೂರು. ವ್ಯಾನ್ ಹತ್ತುವಾಗ ಎಲ್ಲರಿಗೂ ಒಂದು ಹಸಿರು ಒಂದು ಕೆಂಪು ಕಾರ್ಡ್ ಕೊಡ್ತಾರೆ, ಪ್ರತಿ ಸ್ಟಾಪಲ್ಲೂ ಒಂದು ಪ್ರಶ್ನೆ ಕೇಳ್ತಾರೆ, ಕಾರ್ಡ್ ಎತ್ತಬೇಕು. ಏಮ್ಸ್ ಸಿಕ್ಕಿಬೀಳೋಕೆ ಇಷ್ಟು ವರ್ಷ ಬೇಕಿತ್ತಾ, ಯುರ್ಚೆಂಕೋ ಮೊದಲಿಂದಲೂ ನಾಟಕ ಆಡ್ತಿದ್ನಾ, ಇಂಥವು, ಟೈಮ್‌ಪಾಸಿಗೆ ಚೆನ್ನಾಗಿರುತ್ತೆ. ಕೊನೇ ಸ್ಟಾಪು ಇಂಟರ್‌ನ್ಯಾಷನಲ್ ಡ್ರೈವ್, ಇಸ್ರೇಲ್ ಎಂಬಸಿ. ಗೇಟ್ ಹತ್ರ ನಿಲ್ಲಿಸೋ ಹಾಗಿಲ್ಲ, ಸ್ವಲ್ಪ ದೂರದಲ್ಲಿ ಇಂಜಿನ್ ಆನ್ ಇಟ್ಕೊಂಡೇ ಗೈಡ್ ಕಥೆ ಹೇಳಿದ್ರು, ಬಹುಶಃ ಎರಡು ನಿಮಿಷ. ಜೊನಾಥನ್ ಪೊಲಾರ್ಡ್ ಅಂತ, ಯಹೂದಿ, ಅಮೆರಿಕ ನೇವಿಯ ಗುಪ್ತಚರ ವಿಭಾಗದಲ್ಲಿ ಅನಲಿಸ್ಟು, ಇಸ್ರೇಲಿಗೆ ಪೇಪರ್ ಸಾಗಿಸ್ತಿದ್ದ, ಇದೇ ಗೇಟಲ್ಲಿ ಸಿಕ್ಕಿಬಿದ್ದ, ಜೀವಾವಧಿ ಆಯ್ತು, ಕೊನೆಗೆ ಒಬಾಮ ಕರುಣೆ ತೋರಿಸಿ ಬಿಟ್ರು. ಅಷ್ಟೇ. ಈಗ ಹೇಳಿ, ಮಿತ್ರ ದೇಶಕ್ಕೆ ಬೇಹುಗಾರಿಕೆ ಮಾಡಿದೋನನ್ನ ಅವಧಿಗೆ ಮುಂಚೆ ಬಿಡಬೇಕಿತ್ತಾ, ಹೌದು ಅಂದ್ರೆ ಹಸಿರು, ಇಲ್ಲ ಅಂದ್ರೆ ಕೆಂಪು.

ಹಸಿರೇ ಜಾಸ್ತಿ ಬಂತು. ಪಕ್ಕದಲ್ಲಿದ್ದ ನಮ್ಮ ಭಾವ ಅಂತೂ ಪ್ರಶ್ನೆ ಮುಗಿಯೋಕೆ ಮುಂಚೆನೇ ಹಸಿರು ಎತ್ತಿದ್ರು. ಯಾಕೆ ಭಾವ ಅಂದ್ರೆ, ಅಲ್ಲಮ್ಮ, ಅವನೇನು ರಷ್ಯಾಗೆ ಕೊಟ್ಟಿದ್ನಾ, ಫ್ರೆಂಡ್ಸಿಗೆ ತಾನೇ ಕೊಟ್ಟಿದ್ದು ಅಂದ್ರು. ಹಿಂದಿನ ಸೀಟಲ್ಲಿದ್ದ ಒಬ್ಬರು, ನೋಡಿದ್ರೆ ಮಿಲಿಟರಿಯಲ್ಲಿದ್ದೋರ ಥರ ಇದ್ರು, ಕೆಂಪು ಕಾರ್ಡ್ ಎತ್ತಿ ಇಳಿಸ್ಲೇ ಇಲ್ಲ. ಗೈಡ್ ಸರಿ ಥ್ಯಾಂಕ್ಯೂ ಅಂತ ಗಾಡಿ ತಿರುಗಿಸಿದ್ರು. ನಾನು ಎರಡೂ ಎತ್ತಲಿಲ್ಲ. ಈ ಕೇಸ್ ಬಗ್ಗೆ ಬಹಳ ದಿನದಿಂದ ಓದ್ಕೊಂಡು ಬಂದಿದೀನಿ, ಇಷ್ಟು ಕಮ್ಮಿ ಹೇಳಿ ತೀರ್ಪು ಕೇಳೋದು ತಪ್ಪು ಅಂತ ಅನ್ನಿಸ್ತು, ಅದೂ ಹೇಳಿದ್ದರಲ್ಲೇ ಒಂದು ತಪ್ಪಿತ್ತು.

ತಪ್ಪು ಯಾವುದು ಅಂದ್ರೆ ಆ ಒಬಾಮ ಮಾತು. ಪೊಲಾರ್ಡ್ ಅರೆಸ್ಟ್ ಆಗಿದ್ದು 1985ರ ನವೆಂಬರ್ 21, ಹೊರಗೆ ಬಂದಿದ್ದು 2015ರ ನವೆಂಬರ್ 20. ಕರೆಕ್ಟಾಗಿ 30 ವರ್ಷ, 21ನೇ ತಾರೀಕು ಶನಿವಾರ ಬಿದ್ದಿತ್ತು, ಹಿಂದಿನ ದಿನ ಶುಕ್ರವಾರ ಬಿಟ್ರು. ಅವನಿಗೆ ಅನ್ವಯ ಆಗ್ತಿದ್ದ ಹಳೇ ಕಾನೂನಿನ ಪ್ರಕಾರ ಜೀವಾವಧಿ ಆದವನಿಗೆ 30 ವರ್ಷ ಆದ್ಮೇಲೆ ಪೆರೋಲ್ ಕೊಡಬೇಕು, ಅಂದ್ರೆ ಷರತ್ತಿನ ಮೇಲೆ ಬಿಡುಗಡೆ, ಜೈಲಲ್ಲಿ ದೊಡ್ಡ ತಪ್ಪು ಮಾಡಿದ್ರೆ ಅಥವಾ ಹೊರಗೆ ಬಂದು ಮತ್ತೆ ಅಪರಾಧ ಮಾಡೋ ಸಾಧ್ಯತೆ ಇದ್ರೆ ಮಾತ್ರ ತಡೀಬಹುದು. ಪೆರೋಲ್ ಕಮಿಷನ್ 2015ರ ಜುಲೈನಲ್ಲಿ ತಡೆಯೋ ಕಾರಣ ಇಲ್ಲ ಅಂತ ತೀರ್ಮಾನ ಮಾಡ್ತು, ವೈಟ್ ಹೌಸ್ ನಮ್ಮ ಕೈವಾಡ ಇಲ್ಲ ಅಂತು. ಅದೇ ತಿಂಗಳು ಇರಾನ್ ಅಣು ಒಪ್ಪಂದನೂ ಆಗಿತ್ತು, ಇಸ್ರೇಲನ್ನ ಸಮಾಧಾನ ಮಾಡೋಕೆ ಬಿಟ್ರು ಅಂತ ಗುಸುಗುಸು ಎದ್ದಿತ್ತು, ಆದ್ರೆ ಕ್ಯಾಲೆಂಡರ್ ನೋಡಿದ್ರೆ ಆ ಗುಸುಗುಸುಗೆ ದೊಡ್ಡ ಬೆಲೆ ಇಲ್ಲ. ಅದರ ಹಿಂದಿನ ವರ್ಷ 2014ರಲ್ಲಿ ಪೆರೋಲ್ ಕೇಳಿದಾಗ ಕೊಟ್ಟಿರ್ಲಿಲ್ಲ. ಅಂದ್ರೆ ಯಾವ ಪ್ರೆಸಿಡೆಂಟೂ ಕರುಣೆ ತೋರಿಸ್ಲಿಲ್ಲ, ರೇಗನ್ನಿಂದ ಒಬಾಮವರೆಗೂ ಯಾರೂ. 1987ರ ನವೆಂಬರ್ 1ರ ನಂತರದ ಅಪರಾಧಗಳಿಗೆ ಅಮೆರಿಕದ ಫೆಡರಲ್ ಕಾನೂನಲ್ಲಿ ಪೆರೋಲೇ ತೆಗೆದುಹಾಕಿದಾರೆ, ಪೊಲಾರ್ಡ್ ಎರಡು ವರ್ಷ ತಡವಾಗಿ ಇದೇ ಕೆಲಸ ಮಾಡಿ ಇದೇ ಶಿಕ್ಷೆ ತಗೊಂಡಿದ್ರೆ ಇವತ್ತಿಗೂ ಒಳಗೇ ಇರ್ತಿದ್ದ.

ಹಾಗಾದ್ರೆ ಅದಕ್ಕೂ ಮುಂಚೆ ಬಿಡಬೇಕಿತ್ತಾ? ಇಲ್ಲೇ ನೋಡಿ ಗೈಡ್ ಹೇಳದೇ ಬಿಟ್ಟಿದ್ದು ಮುಖ್ಯ ಆಗೋದು.

ಮೊದಲು ಭಾವನ ವಾದ, ಫ್ರೆಂಡ್ಸಿಗೆ ತಾನೇ ಕೊಟ್ಟಿದ್ದು ಅನ್ನೋದು. ಕೇಳೋಕೆ ಸರಿ ಅನ್ಸುತ್ತೆ. ಸಿಐಎ 1987ರಲ್ಲಿ ಮಾಡಿದ ನಷ್ಟದ ಅಂದಾಜು ವರದಿಯ ಸುಮಾರು ಭಾಗ 2012ರಲ್ಲಿ ಹೊರಗೆ ಬಂತು, ಅದರಲ್ಲಿ ಇಸ್ರೇಲಿನವರು ಪೊಲಾರ್ಡ್ ಹತ್ರ ಏನೇನು ಕೇಳಿದ್ರು ಅನ್ನೋದು ಇದೆ, ಅರಬ್ ದೇಶಗಳ ಮಿಲಿಟರಿ, ಪಾಕಿಸ್ತಾನದ ಅಣು ಕಾರ್ಯಕ್ರಮ, ಸೋವಿಯತ್ ಆಯುಧಗಳು, ಇಂಥವು. ಅಮೆರಿಕದ ಸ್ವಂತ ರಹಸ್ಯಗಳು ಅವರ ಲಿಸ್ಟಲ್ಲಿ ಇರ್ಲಿಲ್ಲ ಅನ್ನೋ ಹಾಗೇ ಕಾಣುತ್ತೆ. 1985ರ ಅಕ್ಟೋಬರ್ 1ಕ್ಕೆ ಟ್ಯುನಿಸಿನಲ್ಲಿದ್ದ ಪ್ಯಾಲೆಸ್ಟೈನ್ ಸಂಘಟನೆ ಪಿಎಲ್ಒ ಕಚೇರಿ ಮೇಲೆ ಇಸ್ರೇಲ್ ವಿಮಾನಗಳು ಬಾಂಬ್ ಹಾಕಿದ್ವಲ್ಲ, ಅದಕ್ಕೂ ಈ ಮಾಹಿತಿ ಉಪಯೋಗ ಆಯ್ತು ಅಂತಾರೆ. ಏಮ್ಸ್ ಥರ ಇವನ ಪೇಪರಿಂದ ಸಾಲಾಗಿ ಏಜೆಂಟರು ಸತ್ರು ಅಂತ ತೋರಿಸೋ ದಾಖಲೆ ಹೊರಗೆ ಬಂದಿಲ್ಲ. ಇಷ್ಟು ಒಪ್ಕೋತೀನಿ.

ಆದ್ರೆ ಹೀರೋ ಮಾಡೋರು ಇನ್ನೊಂದು ಬದಿ ಓದಲ್ಲ. ತಿಂಗಳಿಗೆ 1,500 ಡಾಲರ್, ಆಮೇಲೆ ಅದು 2,500 ಆಯ್ತು, ಹೆಂಡ್ತಿಗೆ ಉಂಗುರ, ಪ್ಯಾರಿಸ್ ಟ್ರಿಪ್ಪು. ಸೂಟ್‌ಕೇಸಲ್ಲಿ ಫೈಲ್ ತಂದು ಕೊಡೋದು, ವಾರದ ಕೊನೇಲಿ ಅವರು ಫೋಟೋಕಾಪಿ ಮಾಡ್ಕೊಳ್ಳೋದು, ಸೋಮವಾರ ಆಫೀಸಿಗೆ ವಾಪಸ್ ಇಡೋದು, ಇದಕ್ಕೆ ಅಂತಲೇ ಒಂದು ಅಪಾರ್ಟ್‌ಮೆಂಟಲ್ಲಿ ಮೆಷಿನ್ ಇಟ್ಟಿದ್ರು. ರೇಡಿಯೋ ಸಿಗ್ನಲ್ ಕದ್ದು ಕೇಳೋದಕ್ಕೆ ಸಂಬಂಧಿಸಿದ ಹತ್ತು ಸಂಪುಟದ ಕೈಪಿಡಿನೂ ಹೋಗಿತ್ತು, ಅದು ಅರಬ್ ದೇಶದ ಟ್ಯಾಂಕ್ ಲೆಕ್ಕ ಅಲ್ಲ, ಅಮೆರಿಕ ಹೇಗೆ ಕೇಳಿಸ್ಕೊಳ್ಳುತ್ತೆ ಅನ್ನೋದರ ಕೀಲಿಕೈ. ಇಸ್ರೇಲಿನವರ ಸಂಪರ್ಕಕ್ಕೆ ಬರೋಕೆ ಮುಂಚೆನೇ ಪರಿಚಯದವರಿಗೆ ಅವರ ವ್ಯವಹಾರಕ್ಕೆ ಅನುಕೂಲ ಆಗ್ಲಿ ಅಂತ ಗುಪ್ತ ವರದಿಗಳನ್ನ ತೋರಿಸಿದ್ದ ಅಂತ ಸರ್ಕಾರ ಕೋರ್ಟಿಗೆ ಹೇಳಿದೆ, ಹೆಂಡ್ತಿಯ ಕೆಲಸಕ್ಕೆ ಅಂತ ಚೀನಾ ಬಗ್ಗೆ ಪೇಪರುಗಳು ಬೇರೆ. ಇಸ್ರೇಲ್ ಮೇಲಿನ ಪ್ರೀತಿ ಒಂದೇ ಕಾರಣ ಆಗಿದ್ರೆ ಇವೆಲ್ಲ ಯಾಕೆ ಬಂದ್ವು? ಇನ್ನು ಮಿತ್ರ ದೇಶ ಅನ್ನೋ ಮಾತೇ ತಗೊಳ್ಳಿ, ಪೇಪರ್ ಕೈ ದಾಟಿದ್ಮೇಲೆ ಅದು ಯಾರ ಯಾರ ಮೇಜಿಗೆ ಹೋಗುತ್ತೆ ಅನ್ನೋದು ಕೊಟ್ಟವನ ಕೈಲಿರಲ್ಲ, ಯಾವ ಮಿತ್ರನಿಗೆ ಯಾವ ಗುಟ್ಟು ಅಂತ ತೀರ್ಮಾನ ಮಾಡೋಕೆ ಸರ್ಕಾರ ಇದೆ, ಒಬ್ಬ ಅನಲಿಸ್ಟ್ ಅಲ್ಲ. ಹಿಂದಿನ ಸೀಟಿನ ಕೆಂಪು ಕಾರ್ಡಿನವರ ಸಿಟ್ಟು ನಂಗೆ ಅರ್ಥ ಆಗುತ್ತೆ. ಅದೇ ಬಾಳು ಬಾಳಿದೋರಿಗೆ ಇದು ಎದೆಗೆ ಚುಚ್ಚುತ್ತೆ.

ಆದ್ರೂ ಶಿಕ್ಷೆ ಅಂದ್ಮೇಲೆ ಅಳತೆ ಒಂದು ಬೇಕಲ್ಲ. ಸ್ಟೀವನ್ ಲಾಲಾಸ್, ಗ್ರೀಸಿಗೆ ಗುಟ್ಟು ಕೊಟ್ಟೋನು, 1993ರಲ್ಲಿ 14 ವರ್ಷ ಆಯ್ತು. ರಾಬರ್ಟ್ ಕಿಮ್, ಇವನೂ ನೇವಿ ಗುಪ್ತಚರ ವಿಭಾಗದವನೇ, ದಕ್ಷಿಣ ಕೊರಿಯಾಗೆ ಕೊಟ್ಟಿದ್ದಕ್ಕೆ 1997ರಲ್ಲಿ 9 ವರ್ಷ. ಮೈಕಲ್ ಶ್ವಾರ್ಟ್ಜ್ ಅಂತ ನೇವಿ ಅಧಿಕಾರಿ, ಸೌದಿ ಅರೇಬಿಯಾಗೆ ಗುಪ್ತ ಪೇಪರ್ ಕೊಟ್ಟ, ಜೈಲೇ ಇಲ್ಲ, ಕೆಲಸದಿಂದ ಕಳಿಸಿದ್ರು ಅಷ್ಟೇ. ಮೂರೂ ಅಮೆರಿಕದ ಜೊತೆ ಚೆನ್ನಾಗಿರೋ ದೇಶಗಳು. ಮೂವರ ಹತ್ರನೂ ಪೊಲಾರ್ಡಿನಷ್ಟು ದೊಡ್ಡ ರಾಶಿ ಪೇಪರ್ ಇರ್ಲಿಲ್ಲ, ಹಾಗಾಗಿ ಅದೇ ಅಳತೆ ಇಲ್ಲಿಗೂ ಸರಿಹೋಗುತ್ತೆ ಅನ್ನಲ್ಲ, ಆದ್ರೆ 9, 14 ಎಲ್ಲಿ, ಜೀವಾವಧಿ ಎಲ್ಲಿ. ಇನ್ನೊಂದು ಕಡೆ ರೊನಾಲ್ಡ್ ಪೆಲ್ಟನ್, ಸೋವಿಯತ್ತಿಗೆ ಮಾರ್ಕೊಂಡೋನು, ಅದೇ 1985ರಲ್ಲಿ ಸಿಕ್ಕಿಬಿದ್ದೋನು, ಅವನು ಹೊರಗೆ ಬಂದಿದ್ದೂ 2015ರ ನವೆಂಬರಲ್ಲೇ, ಪೊಲಾರ್ಡ್ ಬಂದು ನಾಲ್ಕು ದಿನಕ್ಕೆ. ಶತ್ರುಗೆ ಮಾರಿದವನೂ ಮಿತ್ರನಿಗೆ ಮಾರಿದವನೂ ಒಂದೇ ವಾರ ಮನೆಗೆ ಹೋದ್ರು. ಈ ಒಂದು ಮಾತು ಗೈಡ್ ಹೇಳಿದ್ರೂ ಸಾಕಿತ್ತು, ವ್ಯಾನಲ್ಲಿ ಕಾರ್ಡ್ ಎತ್ತೋರು ಒಂದು ನಿಮಿಷ ಕೈ ತಡೀತಿದ್ರು.

ಆದ್ರೆ ನನ್ನನ್ನ ಹಸಿರು ಕಡೆ ಎಳೆಯೋದು ಈ ಹೋಲಿಕೆ ಅಲ್ಲ, ಪ್ಲೀ ಅಗ್ರಿಮೆಂಟು. 1986ರ ಜೂನಲ್ಲಿ ಪೊಲಾರ್ಡ್ ತಪ್ಪೊಪ್ಪಿಕೊಂಡ. ವಿಚಾರಣೆ ನಡೆದ್ರೆ ಕೋರ್ಟಲ್ಲಿ ಗುಟ್ಟುಗಳು ಬಯಲಾಗ್ತವೆ ಅನ್ನೋದು ಸರ್ಕಾರದ ಭಯ, ಅದಕ್ಕೇ ಒಪ್ಪಂದ. ಅವನು ತಪ್ಪೊಪ್ಪಿಕೊಂಡು ತನಿಖೆಗೆ ಸಹಕರಿಸ್ಬೇಕು, ಸರ್ಕಾರ ಜೀವಾವಧಿ ಕೇಳಬಾರದು. ಸರ್ಕಾರ ಬಾಯಿಬಿಟ್ಟು ಕೇಳ್ಲಿಲ್ಲ, ನಿಜ. ಆದ್ರೆ ಡಿಫೆನ್ಸ್ ಸೆಕ್ರೆಟರಿ ಕ್ಯಾಸ್ಪರ್ ವೈನ್‌ಬರ್ಗರ್ ಜಡ್ಜಿಗೆ 46 ಪುಟದ ಗುಪ್ತ ಮೆಮೊ ಕಳಿಸಿದ್ರು, ಶಿಕ್ಷೆಗೆ ಮುಂಚೆ ಇನ್ನೊಂದು ಪುಟ್ಟದು, ಅದರಲ್ಲಿ ದೇಶದ ಭದ್ರತೆಗೆ ಇದಕ್ಕಿಂತ ದೊಡ್ಡ ಹಾನಿ ಊಹಿಸೋದೂ ಕಷ್ಟ ಅನ್ನೋ ಅರ್ಥದ ಮಾತು. ಏಮ್ಸ್ ಆಗ ಆರಾಮಾಗಿ ಓಡಾಡ್ಕೊಂಡಿದ್ದ, ನೆನಪಿರ್ಲಿ. ಜಡ್ಜ್ ಆಬ್ರಿ ರಾಬಿನ್ಸನ್ 1987ರ ಮಾರ್ಚ್ 4ಕ್ಕೆ ಜೀವಾವಧಿ ಕೊಟ್ರು. ಒಪ್ಪಂದ ಜಡ್ಜನ್ನ ಕಟ್ಟಿಹಾಕಲ್ಲ, ಅವರ ಅಧಿಕಾರ ಅವರಿಗೆ, ಕಾನೂನಾಗಿ ಸರಿ. ಪೊಲಾರ್ಡೂ ಸುಮ್ನಿರ್ಲಿಲ್ಲ, ಒಪ್ಪಂದದಲ್ಲಿ ಪತ್ರಿಕೆಯವರ ಹತ್ರ ಮಾತಾಡೋಕೆ ಮುಂಚೆ ಪರ್ಮಿಷನ್ ಬೇಕು ಅಂತಿತ್ತು, ಜೈಲಿಂದಲೇ ಪತ್ರಕರ್ತ ವುಲ್ಫ್ ಬ್ಲಿಟ್ಜರ್‌ಗೆ ಇಂಟರ್‌ವ್ಯೂ ಕೊಟ್ಟ, ಅದು ಅವನಿಗೇ ಮುಳುವಾಯ್ತು.

ಅಪೀಲಿಗೆ ಹೋದಾಗ 1992ರಲ್ಲಿ ಮೂವರು ಜಡ್ಜುಗಳು ಎರಡು ಒಂದರಲ್ಲಿ ಅವನ ವಿರುದ್ಧ ತೀರ್ಪು ಕೊಟ್ರು, ಆ ಎರಡರಲ್ಲಿ ಒಬ್ಬರು ಆಮೇಲೆ ಸುಪ್ರೀಂ ಕೋರ್ಟಿಗೆ ಹೋದ ರುತ್ ಬೇಡರ್ ಗಿನ್ಸ್‌ಬರ್ಗ್. ಭಿನ್ನಮತ ಬರೆದ ಸ್ಟೀಫನ್ ವಿಲಿಯಮ್ಸ್ ಸರ್ಕಾರ ಒಪ್ಪಂದ ಮುರಿದಿದೆ, ಇದು ನ್ಯಾಯದ ಬುಡಕ್ಕೇ ಬಿದ್ದ ಏಟು ಅನ್ನೋ ಹಾಗೆ ಬರೆದ್ರು. ನಂಗೆ ವಿಲಿಯಮ್ಸ್ ಮಾತೇ ಸರಿ ಅನ್ಸುತ್ತೆ. ನೀವು ಒಬ್ಬನಿಂದ ತಪ್ಪೊಪ್ಪಿಗೆ ತಗೊಂಡು, ಅವನ ಕೈಯಿಂದ ವಿಚಾರಣೆಯ ಹಕ್ಕನ್ನ ತಗೊಂಡು, ಅದಕ್ಕೆ ಬದಲಾಗಿ ಕೊಟ್ಟ ಮಾತನ್ನ ಪಕ್ಕದ ಬಾಗಿಲಿಂದ ವಾಪಸ್ ತಗೊಂಡ್ರೆ, ಆಮೇಲೆ ಬರೋ ಯಾವ ಆರೋಪಿ ಸರ್ಕಾರವನ್ನ ನಂಬ್ತಾನೆ? ಈ ತಕರಾರಿಗೆ ಇಸ್ರೇಲ್ ಮಿತ್ರನೋ ಶತ್ರುನೋ ಅನ್ನೋದು ಬೇಕಾಗೇ ಇಲ್ಲ. ರಷ್ಯಾಗೆ ಕೊಟ್ಟೋನ ಜೊತೆ ಇದೇ ಒಪ್ಪಂದ ಮಾಡ್ಕೊಂಡು ಹೀಗೇ ಮಾಡಿದ್ರೂ ನಾನು ಇದೇ ಹೇಳ್ತಿದ್ದೆ.

ಆ ವೈನ್‌ಬರ್ಗರ್ ಕಥೆ ಇನ್ನೂ ಇದೆ, ಇದು ಯಾವ ಟೂರಲ್ಲೂ ಹೇಳಲ್ಲ ಅನ್ಸುತ್ತೆ. 1992ರಲ್ಲಿ ಇರಾನ್ ಕಾಂಟ್ರಾ ಹಗರಣದಲ್ಲಿ, ಅಂದ್ರೆ ಇರಾನಿಗೆ ಗುಟ್ಟಾಗಿ ಆಯುಧ ಮಾರಿ ಆ ದುಡ್ಡನ್ನ ನಿಕರಾಗುವಾ ಬಂಡುಕೋರರಿಗೆ ಕೊಟ್ಟ ಕೇಸಲ್ಲಿ, ಅವರ ಮೇಲೇ ಚಾರ್ಜ್ ಬಿತ್ತು, ವಿಚಾರಣೆ ಶುರು ಆಗೋಕೆ ಮುಂಚೆನೇ ಅದೇ ವರ್ಷ ಕ್ರಿಸ್‌ಮಸ್ ಹಿಂದಿನ ದಿನ ಪ್ರೆಸಿಡೆಂಟ್ ಬುಷ್ ಕ್ಷಮೆ ಕೊಟ್ರು. ಒಂದು ದಿನ ಜೈಲಿಲ್ಲ. ಆಮೇಲೆ ವಯಸ್ಸಾದ ಕಾಲದಲ್ಲಿ ಒಂದು ಸಂದರ್ಶನದಲ್ಲಿ ಪೊಲಾರ್ಡ್ ವಿಷಯ ಹೋಲಿಸಿ ನೋಡಿದ್ರೆ ಸಣ್ಣದು ಅಂದ್ರು. ಸಣ್ಣದಂತೆ! 46 ಪುಟ ಬರೆದೋರು. ಇದನ್ನ ಓದಿದ ದಿನ ನಂಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಇನ್ನು ಗೈಡ್ ಮಾಡಿದ ದೊಡ್ಡ ಎಡವಟ್ಟು ಏನಂದ್ರೆ, ಅವರದೇ ರೂಟಲ್ಲಿ ಏಮ್ಸ್ ಇದಾನೆ, ಪೊಲಾರ್ಡ್ ಇದಾನೆ, ಇಬ್ಬರನ್ನ ಜೋಡಿಸ್ಲೇ ಇಲ್ಲ. 1985ರಿಂದ ಸೋವಿಯತ್ ಒಳಗಿದ್ದ ಅಮೆರಿಕದ ಏಜೆಂಟರು ಒಬ್ಬೊಬ್ಬರಾಗಿ ಮಾಯ ಆಗ್ತಿದ್ರು, ಯಾಕೆ ಅಂತ ಸಿಐಎಗೆ ಗೊತ್ತಾಗ್ತಿರ್ಲಿಲ್ಲ, ಪೊಲಾರ್ಡ್ ಕೊಟ್ಟ ಪೇಪರ್ ಇಸ್ರೇಲಿಂದ ಮಾಸ್ಕೋಗೆ ಸೋರಿತಾ ಅನ್ನೋ ಅನುಮಾನದ ನೆರಳು ಅವನ ಮೇಲೂ ಬಿತ್ತು ಅಂತ ಅವನ ಕಡೆಯವರು ವಾದ ಮಾಡ್ತಾರೆ. ಏಮ್ಸ್ ಸಿಕ್ಕಿದ್ದು 1994ರಲ್ಲಿ, ಹ್ಯಾನ್ಸನ್ 2001ರಲ್ಲಿ. ಆ ಸೀಮೆಸುಣ್ಣದ ಗೀಟಿನ ಮೂಲೆಯಿಂದ ಎಂಬಸಿ ಗೇಟಿಗೆ ವ್ಯಾನಲ್ಲಿ ಬರೋ ಹೊತ್ತಲ್ಲಿ ಇಷ್ಟು ಹೇಳಬಹುದಿತ್ತು, ಅದರ ಬದಲು ಗೈಡ್ ರೇಡಿಯೋದಲ್ಲಿ ಹಳೇ ಹಾಡು ಹಾಕಿದ್ರು.

ಇಸ್ರೇಲ್ ಕಥೆನೂ ಪೂರ್ತಿ ಬಿಟ್ರು. ಆ ಗೇಟಲ್ಲಿ ಏನಾಯ್ತು ಗೊತ್ತಾ, ಎಫ್‌ಬಿಐ ಅವನನ್ನ ಅದಕ್ಕೂ ಮೂರು ದಿನ ಮುಂಚೆ ಆಫೀಸ್ ಹತ್ರ ತಡೆದು ವಿಚಾರಿಸಿತ್ತು, ಮಾತಿನ ಮಧ್ಯೆ ಹೆಂಡ್ತಿಗೆ ಫೋನ್ ಮಾಡಿ ಕ್ಯಾಕ್ಟಸ್ ಅನ್ನೋ ಸಂಕೇತದ ಮಾತು ಸೇರಿಸಿದ, ಅಂದ್ರೆ ಮನೇಲಿರೋ ಪೇಪರ್ ಸಾಗಿಸು ಅಂತ. ಮೂರನೇ ದಿನ ಗಂಡ ಹೆಂಡ್ತಿ ಕಾರಲ್ಲಿ ಎಂಬಸಿ ಒಳಗೆ ನುಗ್ಗಿದ್ರು, ಆಶ್ರಯ ಕೊಡಿ ಅಂತ. ಒಳಗಿದ್ದೋರು ಆಚೆ ಹೋಗಿ ಅಂದ್ರು. ಹೊರಗೆ ಎಫ್‌ಬಿಐ ಕಾಯ್ತಿತ್ತು. ಅವನನ್ನ ನಡೆಸ್ತಿದ್ದ ಇಸ್ರೇಲಿಗಳು ಬೇಗ ಬೇಗ ವಿಮಾನ ಹತ್ತಿ ಊರಿಗೆ ಹೋದ್ರು. ನಮಗೇನೂ ಗೊತ್ತಿಲ್ಲ, ಯಾರೋ ಕೆಳಗಿನೋರು ಮೇಲಿನವರಿಗೆ ಹೇಳದೇ ಮಾಡಿದ್ದು ಅಂತ ಸರ್ಕಾರ ಕೈ ತೊಳ್ಕೊಂಡ್ತು. ಅವನನ್ನ ನಮ್ಮ ಏಜೆಂಟ್ ಅಂತ ಅಧಿಕೃತವಾಗಿ ಒಪ್ಕೊಂಡಿದ್ದು 1998ರಲ್ಲಿ. ಈ ಕಾರ್ಯಾಚರಣೆಯ ತಲೆ ರಫಿ ಐತಾನ್ ಆಮೇಲೆ ದೊಡ್ಡ ಸರ್ಕಾರಿ ಕಂಪನಿ ಅಧ್ಯಕ್ಷ ಆದ್ರು, 2006ರಲ್ಲಿ ಮಂತ್ರಿನೂ ಆದ್ರು. ಅವನನ್ನ ಒಳಗೆ ತಂದ ಏರ್‌ಫೋರ್ಸ್ ಅಧಿಕಾರಿ ಅವಿಯೆಮ್ ಸೆಲ್ಲಾಗೆ ಮೊದಲು ಪ್ರಮೋಷನ್ನೇ ಸಿಕ್ಕಿತ್ತು, ಅಮೆರಿಕ ಗಲಾಟೆ ಮಾಡಿದ್ಮೇಲೆ ಹುದ್ದೆ ಬಿಟ್ರು, 2021ರ ಜನವರಿಯಲ್ಲಿ ಟ್ರಂಪ್ ಅಧಿಕಾರ ಬಿಡೋ ಹೊತ್ತಲ್ಲಿ ಅವರಿಗೆ ಕ್ಷಮೆ ಕೊಟ್ರು. ಮಾಡಿಸಿದೋರಿಗೆ ಖುರ್ಚಿ, ಮಾಡಿದೋನಿಗೆ ನಾರ್ತ್ ಕೆರೊಲಿನಾದ ಬಟ್ನರ್ ಜೈಲು.

ಹಾಗಂತ ಇಸ್ರೇಲ್ ಕೇಳಿದಾಗಲೆಲ್ಲ ಬಿಡಬೇಕಿತ್ತು ಅಂತ ನಾನು ಹೇಳಲ್ಲ, ಇಲ್ಲಿ ಭಾವಂಗೂ ನಂಗೂ ಜಗಳ. 1998ರಲ್ಲಿ ಇಸ್ರೇಲ್ ಪ್ಯಾಲೆಸ್ಟೈನ್ ನಡುವಿನ ವೈ ರಿವರ್ ಮಾತುಕತೆಯಲ್ಲಿ ಇಸ್ರೇಲ್ ಪ್ರಧಾನಿ ನೆತನ್ಯಾಹು ಪೊಲಾರ್ಡನ್ನ ಕೊಡಿ ಅಂತ ಪಟ್ಟು ಹಿಡಿದ್ರು, ಕ್ಲಿಂಟನ್ ಯೋಚನೆ ಮಾಡೋ ಹೊತ್ತಿಗೆ ಸಿಐಎ ಮುಖ್ಯಸ್ಥ ಜಾರ್ಜ್ ಟೆನೆಟ್ ಬಿಟ್ರೆ ನಾನು ರಾಜೀನಾಮೆ ಕೊಡ್ತೀನಿ ಅಂದ್ರು. 2014ರಲ್ಲೂ ಪ್ಯಾಲೆಸ್ಟೈನ್ ಮಾತುಕತೆ ಮುಂದುವರಿಸೋಕೆ ಅವನ ಹೆಸರು ಮತ್ತೆ ಮೇಜಿಗೆ ಬಂತು. ಭಾವ ಅಂತಾರೆ, ಬಿಟ್ಟಿದ್ರೆ ಶಾಂತಿಗೆ ಒಳ್ಳೇದಾಗ್ತಿತ್ತು ತಾನೇ. ನಂಗೆ ಇದೇ ಎಲ್ಲಕ್ಕಿಂತ ಅಸಹ್ಯ ಅನ್ಸೋದು. ಒಬ್ಬ ಮನುಷ್ಯನ ಶಿಕ್ಷೆ ಜಾಸ್ತಿ ಆಯ್ತು ಅನ್ನಿಸಿದ್ರೆ ಶಿಕ್ಷೆ ಕಮ್ಮಿ ಮಾಡಿ, ಅದಕ್ಕೆ ಪ್ರೆಸಿಡೆಂಟ್ ಕೈಲಿ ಅಧಿಕಾರ ಇದೆ, ಒಪ್ಪಂದದ ಜೊತೆ ಕೊಸರು ಹಾಕಿ ಕೊಡೋದಲ್ಲ. ಹಾಗೆ ಬಿಟ್ಟಿದ್ರೆ ಮುಂದಿನ ಸಲ ಯಾವುದೋ ದೇಶ ತನ್ನ ಏಜೆಂಟ್ ಸಿಕ್ಕಿಬಿದ್ರೆ ಏನೂ ಪರವಾಗಿಲ್ಲ, ಒಂದು ದಿನ ಚೌಕಾಸಿ ಮಾಡಿ ಬಿಡಿಸ್ಕೋಬಹುದು ಅಂತ ಲೆಕ್ಕ ಹಾಕ್ತಿತ್ತು. ಟೆನೆಟ್ ಹಠ ಮಾಡಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ, ಅದೇ ಉಸಿರಲ್ಲಿ ಹೇಳ್ತೀನಿ, ಆ ಹೊತ್ತಿಗೆ ಯಾರೂ ಕೇಳದೇ ಇದ್ದಿದ್ರೂ ಪೊಲಾರ್ಡ್ ಶಿಕ್ಷೆನ ಇಳಿಸಬೇಕಿತ್ತು. ವೈನ್‌ಬರ್ಗರ್ ಕೈಕೆಳಗೇ ಕೆಲಸ ಮಾಡಿದ್ದ ಲಾರೆನ್ಸ್ ಕೋರ್ಬ್, ಸಿಐಎ ಮುಖ್ಯಸ್ಥ ಆಗಿದ್ದ ಜೇಮ್ಸ್ ವೂಲ್ಸಿ, ಇವರೆಲ್ಲ ಆಮೇಲೆ ಬಿಡಿ ಅಂತ ಹೇಳಿದೋರೇ, ಇವರೇನೂ ಮೆದು ಮನಸ್ಸಿನೋರಲ್ಲ.

ಹಾಗಾಗಿ ಕಾರ್ಡ್ ಎತ್ತಲೇಬೇಕು ಅಂದಿದ್ರೆ ನಾನು ಹಸಿರು, ಆದ್ರೆ ಭಾವನ ಹಸಿರಲ್ಲ. ಹದಿನೈದು ವರ್ಷ ಒಳಗಿಟ್ಟು ಕಳಿಸ್ಬೇಕಿತ್ತು, ಮಿತ್ರ ದೇಶಕ್ಕೆ ಮಾಡ್ದ ಅಂತ ಅಲ್ಲ, ಅದಕ್ಕೆ ಒಂದು ದಿನದ ರಿಯಾಯಿತಿನೂ ಬೇಡ, ಸರ್ಕಾರ ಕೊಟ್ಟ ಮಾತಿಗೆ ಬೆಲೆ ಇರ್ಬೇಕು ಅಂತ. ಹೊರಗೆ ಬಂದ್ಮೇಲೆ ಐದು ವರ್ಷ ನ್ಯೂಯಾರ್ಕ್ ಬಿಟ್ಟು ಹೋಗೋ ಹಾಗಿಲ್ಲ, ಕೈಗೆ ಜಿಪಿಎಸ್, ರಾತ್ರಿ ಏಳರಿಂದ ಬೆಳಿಗ್ಗೆ ಏಳರವರೆಗೆ ಮನೇಲೇ ಇರ್ಬೇಕು, ಕೆಲಸ ಕೊಟ್ಟ ಆಫೀಸಿನ ಕಂಪ್ಯೂಟರ್ ಮೇಲೂ ಕಣ್ಣು, ಮೂವತ್ತು ವರ್ಷ ಹಳೇ ಗುಟ್ಟು ತಲೇಲಿ ಇಟ್ಕೊಂಡಿರೋ ಅರವತ್ತು ದಾಟಿದ ಮನುಷ್ಯನಿಗೆ ಇಷ್ಟೆಲ್ಲ ಬೇಕಿತ್ತಾ ಅಂತ ಅನ್ನಿಸ್ದೇ ಇರಲ್ಲ, ಕೋರ್ಟಿಗೂ ಹೋದ, ಗೆಲ್ಲಲಿಲ್ಲ. 2020ರ ಡಿಸೆಂಬರ್ ಕೊನೇಲಿ ಕ್ಯಾಸಿನೋ ಶ್ರೀಮಂತ ಶೆಲ್ಡನ್ ಅಡೆಲ್ಸನ್ ಅವರ ವಿಮಾನದಲ್ಲಿ ಇಸ್ರೇಲಿಗೆ ಹೋದ, ನೆತನ್ಯಾಹು ಖುದ್ದು ಏರ್‌ಪೋರ್ಟಿಗೆ ಬಂದು ಗುರುತಿನ ಚೀಟಿ ಕೊಟ್ರು. ಮೂರೇ ತಿಂಗಳಿಗೆ ಪತ್ರಿಕೆಗೆ ಸಂದರ್ಶನ ಕೊಟ್ಟು ಯಹೂದಿಗಳಿಗೆ ಯಾವಾಗಲೂ ಎರಡು ನಿಷ್ಠೆ ಇದ್ದೇ ಇರುತ್ತೆ ಅನ್ನೋ ಅರ್ಥದಲ್ಲಿ ಮಾತಾಡ್ದ. ಅಮೆರಿಕದಲ್ಲಿ ನೆಟ್ಟಗೆ ಸರ್ಕಾರಿ ಕೆಲಸ ಮಾಡ್ಕೊಂಡಿರೋ ಸಾವಿರಾರು ಯಹೂದಿಗಳಿಗೆ ಆ ಮಾತು ಎಷ್ಟು ತೊಂದರೆ ತರುತ್ತೆ ಅನ್ನೋ ಪರಿವೆಯೇ ಇಲ್ಲ. ನಂಗೆ ಆ ಮನುಷ್ಯ ಇಷ್ಟ ಆಗಲ್ಲ. ಇಷ್ಟ ಆಗೋರಿಗೆ ಮಾತ್ರ ಮಾತು ಉಳಿಸ್ಕೋಬೇಕು ಅಂತ ಎಲ್ಲೂ ಇಲ್ವಲ್ಲ.

ಟೂರ್ ಮುಗಿದ್ಮೇಲೆ ಗೈಡ್ ಹತ್ರ ಆ ಒಬಾಮ ವಿಷಯ ಹೇಳ್ದೆ. ಹೌದಾ, ನೋಡ್ತೀನಿ ಅಂದ್ರು, ಮುಖ ಸಿಂಡರಿಸ್ಲಿಲ್ಲ, ಅದಕ್ಕೆ ಅರ್ಧ ಸ್ಟಾರ್ ಎಕ್ಸ್‌ಟ್ರಾ ಆಗ್ಲೇ ಲೆಕ್ಕದಲ್ಲಿ ಸೇರ್ಸಿದೀನಿ. ಕಂಪನಿಯವರು ಓದ್ತಿದ್ರೆ ಒಂದು ಸಲಹೆ, ಕೊನೇ ಸ್ಟಾಪಲ್ಲಿ ಲಾಲಾಸ್, ಕಿಮ್, ಶ್ವಾರ್ಟ್ಜ್ ಈ ಮೂವರಿಗೆ ಆಗಿದ್ದೇನು, ವೈನ್‌ಬರ್ಗರ್ ಮೆಮೊ, ವಿಲಿಯಮ್ಸ್ ತೀರ್ಪು, ಟೆನೆಟ್ ರಾಜೀನಾಮೆ ಬೆದರಿಕೆ, ಇಷ್ಟನ್ನ ಒಂದು ಹಾಳೆ ಮೇಲೆ ಪ್ರಿಂಟ್ ಹಾಕಿ ಕೊಡಿ, ಹತ್ತು ನಿಮಿಷ ಓದೋಕೆ ಬಿಡಿ, ಆಮೇಲೆ ಕಾರ್ಡ್ ಎತ್ತಿಸಿ. ರಷ್ಯಾ ಎಂಬಸಿ ಹತ್ರ ಸುಮ್ನೆ ಫೋಟೋಗೆ ಅಂತ ನಿಲ್ಲಿಸೋ ಟೈಮ್ ಕಟ್ ಮಾಡಿದ್ರೆ ಸಾಕು, ಬೇರೆ ಏನೂ ಬಿಡೋದು ಬೇಡ.

ಹೋಗೋರಿಗೆ ಒಂದೆರಡು ಮಾತು. ಶನಿವಾರ ಭಾನುವಾರ ಜಾರ್ಜ್‌ಟೌನಲ್ಲಿ ಪಾರ್ಕಿಂಗ್ ಸಿಗಲ್ಲ, ಆ ಏರಿಯಾಗೆ ಮೆಟ್ರೋ ಸ್ಟೇಷನ್ ಇಲ್ಲ, ಫಾಗಿ ಬಾಟಮ್ಮಲ್ಲಿ ಇಳಿದು ನಡೀಬೇಕು ಇಲ್ಲ ಬಸ್ಸು. ವ್ಯಾನಲ್ಲಿ ಬಲಗಡೆ ಕಿಟಕಿ ಸೀಟ್ ಹಿಡೀರಿ, ಜಾಸ್ತಿ ಜಾಗಗಳು ಆ ಕಡೆನೇ ಬರ್ತವೆ. ಸಣ್ಣ ಮಕ್ಕಳಿಗೆ ಸೀಮೆಸುಣ್ಣದ ಆಟ ಬಿಟ್ರೆ ಬೇಜಾರಾಗುತ್ತೆ, ಹೈಸ್ಕೂಲ್ ಮೇಲಿನೋರಿಗೆ ಓಕೆ. ಎಂಬಸಿಗಳ ಹತ್ರ ಕ್ಯಾಮೆರಾ ಹಿಡ್ಕೊಂಡು ವ್ಯಾನಿಂದ ಇಳಿಯೋಕೆ ಹೋಗ್ಬೇಡಿ, ಗೈಡೇ ಬೇಡ ಅಂತಾರೆ. ಟಿಪ್ ಬೇರೆ ಕೊಡಬೇಕು, ಟಿಕೆಟಲ್ಲಿ ಸೇರಿರಲ್ಲ.